ರೈಲ್ವೆ ಗೇಟಿಗೆ ಬಂದ ಜಪಾನಪ್ಪ

ನಮ್ಮ ಮನೆಯವರಷ್ಟು ದೊಡ್ಡ ಸುಳ್ಳುಗಾರರು ಕುಂದಗೋಳ ತಾಲೂಕಿನಲ್ಲಿ ಇನ್ನೊಬ್ಬರಿದ್ದರೆ ಕರೆದುಕೊಂಡು ಬನ್ನಿ, ಹೋಳಿಗೆ ಮಾಡಿ ಬಡಿಸುತ್ತೇನೆ! ಅವರ ಹೆಸರು ಮಾತ್ರ ಕೇಳಬೇಡಿ. ನಮ್ಮ ಕಡೆ ಗಂಡನ ಹೆಸರನ್ನು ಒಡಪು ಕಟ್ಟಿಯೇ ಹೇಳಬೇಕು; ಮದುವೆಯಲ್ಲಿ ಕಲಿತಿದ್ದ ಒಂದೇ ಒಂದು ಒಡಪು ಎಂದೋ ಮರೆತುಹೋಗಿದೆ. ನಾನು ಓದಿದ್ದು ಮೂರನೇ ಇಯತ್ತೆ. ಒಂದು ಸಾಲು ಬರೆಯುವುದರೊಳಗೆ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಆದರೂ ಬರೆಯುತ್ತೇನೆ. ಮೊಮ್ಮಗಳು ಹುಟ್ಟಿ ಇವತ್ತಿಗೆ ಹದಿನೈದು ದಿನ, ತೊಟ್ಟಿಲಿಗೆ ಹಾಕಿದ್ದೂ ಆಯಿತು, ಸಂತೋಷ ಮಾತ್ರ ಹೊಟ್ಟೆಯಲ್ಲಿ ನಿಲ್ಲಲೊಲ್ಲದು!

ಇವರು ಟೆಂಪೊ ಓಡಿಸುತ್ತಾರೆ. ನಮ್ಮೂರಿನ ಮೆಣಸಿನಕಾಯಿ, ಹತ್ತಿ, ಶೇಂಗಾ ಎಲ್ಲ ಇವರ ಟೆಂಪೊದಲ್ಲೇ ಹುಬ್ಬಳ್ಳಿ ಪೇಟೆಗೆ ಹೋಗಬೇಕು. ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದರು. ಭಜಿ ನಾವು ತಿಂದೆವು, ಹಾಳೆಯನ್ನು ಇವರು ನುಂಗಿದರು! ಕಣ್ಣಿನಿಂದ, ಮತ್ತೆ! ಯಾವುದೋ ವಾರಪತ್ರಿಕೆಯ ಹಾಳೆ. ಮೋಟಾರು ರೇಸಿನ ಜಪಾನಿಯೊಬ್ಬನ ಚಿತ್ರ, ತಲೆಯ ಮೇಲೆ ಬೋರಲು ಹಾಕಿದ ಕೊಡದಂಥ ಟೊಪ್ಪಿಗೆ. ಹೆಸರಿನ ಮೇಲೆ ಎಣ್ಣೆ ಕೂತಿತ್ತು. ಬರಹ ಅರ್ಧವೇ ಇತ್ತು. 'ಕೊನೆಯ ತಿರುವಿಗೆ ಬಂದಾಗ ಅವನ ಕಾರು' ಎನ್ನುವಲ್ಲಿ ಹಾಳೆ ಹರಿದಿತ್ತು.

"ಕಾರು ಏನಾತ್ರಿ?" ಎಂದು ಕೇಳಿದೆ.

"ಏನಾಗೂದು? ಹೊಂಟೈತಿ," ಎಂದರು.

ಹೊರಟದ್ದು ನಾಲ್ಕು ವರ್ಷ ನಿಲ್ಲಲೇ ಇಲ್ಲ ನೋಡಿ! ಅವನಿಗೆ ಜಪಾನಪ್ಪ ಎಂದು ಹೆಸರಾಯಿತು. ಪ್ರತಿ ಶನಿವಾರ ಚಹಾದಂಗಡಿಯಲ್ಲಿ ಇವರ ಬಾಯಿಂದ ಅವನದೊಂದು ಹೊಸ ರೇಸು. ಒಂದು ವಾರ ಚಕ್ರ ಕಳಚಿದರೂ ಮೂರೇ ಚಕ್ರದಲ್ಲಿ ಗೆದ್ದ. ಇನ್ನೊಂದು ವಾರ ಎರೆಮಣ್ಣಿನಲ್ಲಿ ಹುಗಿದ ಕಾರನ್ನು ಹೆಗಲುಕೊಟ್ಟು ಎತ್ತಿದ. ಜಪಾನಿನಲ್ಲಿ ಎರೆಮಣ್ಣು ಇದೆಯೋ ಇಲ್ಲವೋ, ನೋಡಿ ಬಂದವರು ಯಾರು? "ಅವಂಗ ಮದುವಿ ಆಗೇತೇನ್ರಿ?" ಎಂದು ನಾನೊಮ್ಮೆ ಕೇಳಿದ್ದಕ್ಕೆ ಎರಡು ದಿನ ವಿಚಾರ ಮಾಡಿ, "ಕನ್ಯಾ ನೋಡಾಕ ಹತ್ಯಾರ" ಎಂದರು!

ಊರಿಗೆ ಟಿವಿ ಬಂದ ವರ್ಷ ಒಂದು ಫಜೀತಿಯಾಯಿತು. ಪಂಚಾಯಿತಿ ಕಟ್ಟೆಯ ಮೇಲೆ ಎಲ್ಲರೂ ಕೂತು ಕಾರಿನ ರೇಸು ನೋಡಿದರು. ಕಾರುಗಳು ಗಾಣದ ಎತ್ತಿನಂತೆ ಸುತ್ತಿದಲ್ಲೇ ಸುತ್ತುತ್ತಿದ್ದವು. ಇವರು ಎದ್ದು ಚಹಾದಂಗಡಿಗೆ ಬಂದರು.

"ಇದು ರೇಸ್ ಅಲ್ಲ. ಹೊಂಟಲ್ಲೇ ಬಂದು ನಿಲ್ಲಾಕ ಎಣ್ಣಿ ಯಾಕ ಸುಡಬೇಕು? ರೇಸ್ ಅಂದ್ರ ಒಂದೂರಿಂದ ಇನ್ನೊಂದೂರಿಗೆ ಮುಟ್ಟಬೇಕು."

"ಮತ್ತ ಗೆದ್ದಾವಗ ಕಪ್ ಕೊಡ್ತಾರಲ್ಲ ಕಾಕಾ?" ಎಂದ ಅಂಗಡಿಯವನು.

"ಕಪ್ ತಗೊಂಡು ಏನ್ಮಾಡ್ತಿಯೋ? ಗಾಡ್ಯಾಗ ಕುಂತಾವ್ರು ಮುಟ್ಟಿದ್ರ ಸಾಕು."

ಸಾಲಿ ಮಾಸ್ತರರು ಹುಡುಕಿ ಹುಡುಕಿ ಆ ವಾರಪತ್ರಿಕೆಯ ಇಡೀ ಪ್ರತಿ ತಂದರು. "ನಿನ್ನ ಜಪಾನಪ್ಪ ಅದ ತಿರುವಿನ್ಯಾಗ ಸತ್ತಾನಪಾ. ಇಲ್ಲೆ ಪೂರಾ ಬರದಾರ, ಓದಲೇನು?"

"ನಿಮ್ಮ ಪುಸ್ತಕದಾಗ ಸತ್ತಿರಬೇಕ್ರಿ ಮಾಸ್ತರ. ನಮ್ಮ ಹಾಳ್ಯಾಗ ಇನ್ನೂ ಗಾಡಿ ಹೊಡಿಯಾಕ ಹತ್ಯಾನ!"

ಅಂಗಡಿಗೆ ಅಂಗಡಿಯೇ ನಕ್ಕಿತಂತೆ. ಎಲ್ಲಕ್ಕಿಂತ ಹೆಚ್ಚು ನಗು ಬರುತ್ತಿದ್ದುದು ಗೇಟಿಗೆ. ಜಪಾನಪ್ಪನ ಪ್ರತಿಯೊಂದು ರೇಸಿನಲ್ಲೂ ಒಂದು ರೈಲ್ವೆ ಗೇಟು! ಗೇಟು ಇಳಿಯುತ್ತಿರುತ್ತದೆ, ಇನ್ನು ಮೊಳದಷ್ಟು ಉಳಿದಿರುತ್ತದೆ, ಜಪಾನಪ್ಪ ತಲೆ ಬಗ್ಗಿಸಿ ಅದರ ಕೆಳಗಿನಿಂದ ಪಾರು!

"ರೇಸಿನ್ಯಾಗ ರೈಲ್ವೆ ಗೇಟ್ ಎಲ್ಲಿಂದ ಬಂತು ಕಾಕಾ?"

"ಯಾಕ, ಜಪಾನದಾಗ ರೈಲಿಲ್ಲೇನು?"

ಇದನ್ನು ಕೇಳಿ ನಗದೆ ಇದ್ದವಳು ಊರಲ್ಲಿ ನಾನೊಬ್ಬಳೇ.

ಇವರ ಇನ್ನೊಂದು ಹುಚ್ಚನ್ನೂ ಹೇಳಿಬಿಡುತ್ತೇನೆ. ಟೆಂಪೊದಲ್ಲಿ ಮನುಷ್ಯರನ್ನು ಹತ್ತಿಸುವುದಿಲ್ಲ. "ಸಾಮಾನಿಗೆ ಜಾಗ ಐತಿ, ಮಂದಿಗಿಲ್ಲ." ಹೆಂಡತಿಯೂ ಮಂದಿಯೇ! ಹುಬ್ಬಳ್ಳಿಗೆ ಹೋಗಬೇಕಾದರೆ ನನ್ನ ಚೀಲ ಟೆಂಪೊದಲ್ಲಿ, ನಾನು ಹಿಂದಿನ ಬಸ್ಸಿನಲ್ಲಿ. ಬಸ್‌ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ಕಾಯುತ್ತ ನಿಂತಿರುತ್ತಾರೆ. ಕಂಡಕ್ಟರು ಪಾಪ, "ಅಕ್ಕಾರ, ಇವತ್ತೂ ಜಗಳಾಡೀರೇನ್ರಿ?" ಎಂದು ಕೇಳುವನು. ಮಗಳನ್ನು ನವಲಗುಂದದ ಕಡೆ ಕೊಟ್ಟೆವಲ್ಲ, ಆಗಲೂ ಹಾಸಿಗೆ, ಪಾತ್ರೆ ಟೆಂಪೊದಲ್ಲಿ, ಮದುಮಗಳು ಬಸ್ಸಿನಲ್ಲಿ!

ನಮಗೊಬ್ಬ ಮಗನಿದ್ದ. ಈ ಮಗಳಿಗಿಂತ ಎರಡು ವರ್ಷ ದೊಡ್ಡವನು. ಅವನಿಗೆ ಆರು ವರ್ಷವಿದ್ದಾಗ ಗಂಟಲು ಬೇನೆ ಬಂತು, ಉಸಿರು ಕಟ್ಟತೊಡಗಿತು. ಇವರು ಟೆಂಪೊ ಹಿಡಿದ ಹೊಸತು. ನಾನು ಮಗನನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಇವರ ಬಾಜು ಕೂತೆ. ದಾರಿಯಲ್ಲಿ ಗೇಟು ಹಾಕಿತ್ತು. ಮಾಲಗಾಡಿ, ಡಬ್ಬಿ ಹಿಂದೆ ಡಬ್ಬಿ, ಮುಗಿಯಲೇ ಇಲ್ಲ. ಗೇಟು ಎತ್ತುವ ಹೊತ್ತಿಗೆ ಅವನ ಮೈ ನನ್ನ ಮಡಿಲಲ್ಲಿ ಸುಮ್ಮನಾಗಿತ್ತು. ಇವರು ಗಾಡಿ ಚಾಲೂ ಮಾಡಿದರು. ನಾನು ಹೇಳಲಿಲ್ಲ. ಹುಬ್ಬಳ್ಳಿ ಮುಟ್ಟುವವರೆಗೆ ಅವನ ಮುಖಕ್ಕೆ ಸೆರಗು ಹೊದಿಸಿ, ಬೆನ್ನು ತಟ್ಟುತ್ತ ಕೂತೆ. ಇವರು ಅಂದು ಓಡಿಸಿದಂತೆ ಯಾವ ರೇಸಿನವನೂ ಓಡಿಸಿರಲಾರ. ದವಾಖಾನೆಯ ಮೆಟ್ಟಿಲ ಮೇಲೆ, "ಈಗ ಹೋದ್ನರೀ" ಎಂದು ಚೀರಿದೆ. ಮುಂದೆ ಮನೆಯಲ್ಲಿ ಮಗನ ಮಾತೇ ಇಲ್ಲ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಇವರು ಎದ್ದು ಹೋಗುವರು.

ಈ ಸಲ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಬೆಳಗಿನಿಂದ ಬಂದ ನೋವನ್ನು ಹುಚ್ಚುಹುಡುಗಿ ಹಲ್ಲು ಕಚ್ಚಿ ಮುಚ್ಚಿಟ್ಟಿದ್ದಳು. ನನಗೆ ಗೊತ್ತಾದಾಗ ಮಧ್ಯಾಹ್ನ. ಸೂಲಗಿತ್ತಿ ಪರವೂರಿಗೆ ಹೋಗಿದ್ದಳು, ಬಸ್ಸಿಗೆ ಇನ್ನೂ ಎರಡು ತಾಸು. ಅಂಗಳದಲ್ಲಿ ಟೆಂಪೊ. ಇವರು ಅದಕ್ಕೆ ಬೆನ್ನು ಹಚ್ಚಿ ನಿಂತುಬಿಟ್ಟರು.

"ನಾ ವಲ್ಲೆ. ನನ್ನ ಕೈಲೆ ಆಗೂದಿಲ್ಲ."

ನಾನು ಬೈದೆ, ಕಾಲಿಗೆ ಬಿದ್ದೆ. ಕದಲಲಿಲ್ಲ. ಮಗಳು ಗೋಡೆ ಹಿಡಿದು ಹೊರಗೆ ಬಂದಳು. "ಅಪ್ಪಾ, ನೀ ಹೊಡೀಬ್ಯಾಡ. ಜಪಾನಪ್ಪ ಹೊಡೀಲಿ. ನಾ ಅವನ ಗಾಡ್ಯಾಗ ಹತ್ತತೀನಿ."

ಇವರು ಅವಳ ಮುಖವನ್ನೇ ನೋಡಿದರು. ಹಿಂದಿನ ಬಾಗಿಲು ತೆಗೆದು, ಹತ್ತಿಯ ಚೀಲ ಬಿಚ್ಚಿ ಮೆತ್ತಗೆ ಹಾಸಿದರು.

ಗೇಟು ಹಾಕಿತ್ತು. ಅದೇ ಗೇಟು, ಹಾಕದೆ ಬಿಟ್ಟೀತೆ? ನಾನು ಹಿಂದೆ ಮಗಳ ತಲೆ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಮಗಳು ನರಳುತ್ತಲೇ ಕೇಳಿದಳು: "ಅಪ್ಪಾ, ಈಗ ಜಪಾನಪ್ಪ ಏನ್ಮಾಡ್ತಾನ?"

ಇವರು ಗೇಟನ್ನೇ ನೋಡುತ್ತ ಅಂದರು: "ನಿಂತಾನವಾ. ಗೇಟ್ ಹಾಕೇತಿ, ನಿಂತಾನ."

ಇಂಜಿನ್ ಬಂದ್ ಮಾಡಿ, ಇಳಿದು, ಗೇಟಿನವನ ಮನೆಯ ಕಡೆಗೆ ಓಡಿದರು. ಅವನ ಹೆಂಡತಿ ಬಿಸಿನೀರು, ಹಳೇ ಸೀರೆ ಹಿಡಿದು ಬಂದಳು. ನಾಲ್ಕು ಹೆತ್ತವಳು, ಹೆದರಲಿಲ್ಲ. ರೈಲು ಹಾದುಹೋಗುವ ಸಪ್ಪಳದಲ್ಲಿ ನನ್ನ ಮೊಮ್ಮಗಳು ಅತ್ತದ್ದು ನನಗೆ ಮೊದಲು ಕೇಳಿಸಲೇ ಇಲ್ಲ! ಬಾಯಿ ತೆರೆದದ್ದಷ್ಟೇ ಕಂಡಿತು. ರೈಲು ದಾಟಿದ ಮೇಲೆ ಕೇಳಿಸಿತು ನೋಡಿ, ಏನು ದನಿ, ಏನು ಜೋರು!

ಗೇಟಿನವನ ಹೆಂಡತಿ ಕೂಸನ್ನು ಒರೆಸುತ್ತ ಸಹಜವಾಗಿ ಕೇಳಿದಳು: "ಯಜಮಾನ್ರ, ನಿಮಗ ಮಕ್ಕಳೆಷ್ಟ್ರಿ? ಇಕಿ ಒಬ್ಬಾಕೇನು?"

ನಾನು ಇವರ ಕಡೆ ನೋಡಿದೆ. ಇವರು ಎದ್ದು ಹೋಗಲಿಲ್ಲ.

"ಇಬ್ಬರವಾ," ಎಂದರು. "ಹಿರ್ಯಾಂವ ಇಲ್ಲೇ, ಈ ಗೇಟಿನ್ಯಾಗ ತೀರಿಕೊಂಡ."

ಅಂದರೆ ಇವರಿಗೂ ಗೊತ್ತಿತ್ತು! ಗೊತ್ತಿದ್ದೇ ಅಂದು ಹುಬ್ಬಳ್ಳಿಯವರೆಗೆ ಓಡಿಸಿದ್ದರು. ನಾನು ಬೆನ್ನು ತಟ್ಟುತ್ತ ಕೂತಿದ್ದೆನಲ್ಲ, ಅದಕ್ಕೆ.

ಆಕೆ ಕೂಸನ್ನು ಸುತ್ತಿ ಇವರ ಕೈಗೆ ಕೊಟ್ಟಳು. ಗೇಟು ಎತ್ತಿಯಾಗಿತ್ತು, ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ನಾನು ಬಾಜು ಹೋಗಿ ನಿಂತೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಾವಿಬ್ಬರೂ ಕೂಡಿ ಅತ್ತೆವು.