ಸುಬ್ರಮಣಿಯ ಎರಡನೇ ಪರದೆ

ಸುಬ್ರಮಣಿಯ ಕತ್ತು ಉಳುಕಿದ್ದೇ ಎಲ್ಲದಕ್ಕೂ ಕಾರಣ. ಶಾಲಾ ಪುಸ್ತಕ ಅಚ್ಚುಹಾಕುವವರಿಗೆ ಅವನು ವಿಜಯನಗರದ ಬಾಡಿಗೆ ಮನೆಯಲ್ಲೇ ಕೂತು ಕರಡು ತಿದ್ದಿಕೊಡುತ್ತಿದ್ದ. ಕಂಪ್ಯೂಟರಿನ ಪರದೆ ಇದ್ದದ್ದು ಒಂದೇ. ಅದರಲ್ಲಿ ಮೂಲ ನೋಡಿ ಕರಡಿಗೆ ಬರುವಷ್ಟರಲ್ಲಿ ಹ್ರಸ್ವವೋ ದೀರ್ಘವೋ ಮರೆತುಹೋಗುತ್ತಿತ್ತು. ಹಾಗಾಗಿ ಮೂಲವನ್ನು ಫೋನಿನಲ್ಲಿ ತೆರೆದು, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಕತ್ತು ಓರೆ ಮಾಡಿ ಓದುತ್ತಿದ್ದ. ಒಂದು ದಿನ ಆ ಕತ್ತು ಹಾಗೇ ನಿಂತುಬಿಟ್ಟಿತು. ಹೆಂಡತಿ ರಂಜಿನಿ ಎಣ್ಣೆ ತಿಕ್ಕಿ ತಿಕ್ಕಿ ಸಾಕಾಗಿ, ತನ್ನ ಆಫೀಸಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಮಾನಿಟರೊಂದನ್ನು ಕೇಳಿ ತಂದು ಮೇಜಿನ ಮೇಲಿಟ್ಟಳು.

ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ಸುಬ್ರಮಣಿ ವೈರು ಸಿಕ್ಕಿಸಿದ. ಮಾನಿಟರಿನ ಸಣ್ಣ ದೀಪ ಹತ್ತಿತು. ಪರದೆ ಮಾತ್ರ ಸೀದುಹೋದ ದೋಸೆಕಲ್ಲಿನಂತೆ ಕಪ್ಪಗೇ ಉಳಿಯಿತು. ವೈರು ಕಿತ್ತು, ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿದ. ಮೇಜಿನಡಿ ತೂರಿ ಪ್ಲಗ್ಗು ಅಲ್ಲಾಡಿಸಿದ. ಏಳುವಾಗ ಮೇಜು ತಲೆಗೆ ಬಡಿಯಿತು.

ಆ ಸದ್ದಿಗೆ ಹಿಂಬದಿಯ ರೂಮಿನ ದುಂಡೇಶ ಹೆಲ್ಮೆಟ್ ಸಮೇತ ಒಳಬಂದ. ಹಾವೇರಿ ಕಡೆಯವನು, ಮನೆಮನೆಗೆ ಊಟ ತಲುಪಿಸುವ ಕೆಲಸ. ಪಕ್ಕದ ಮನೆಯ ಮಿಕ್ಸಿ ಕೆಟ್ಟರೂ ತಾನೇ ಕೈ ಹಾಕುವ ಉತ್ಸಾಹಿ.

"ವೈರ್ ಯಾಕ ಬೇಕ್ರಿ ಸರ? ಈಗ ಎಲ್ಲಾ ಗಾಳ್ಯಾಗ ಹೊಕ್ಕೈತಿ" ಎಂದವನೇ ಕೀಬೋರ್ಡಿನ ಎರಡು ಗುಂಡಿ ಒತ್ತಿದ. ಹತ್ತಿರದಲ್ಲಿರುವ ಪರದೆಗಳನ್ನು ಕಂಪ್ಯೂಟರು ಹುಡುಕಿತು. ಸಿಕ್ಕಿದ್ದು ಒಂದೇ ಹೆಸರು. ದುಂಡೇಶ ಅದನ್ನೇ ಒತ್ತಿದ. ಚಕ್ರ ಸುತ್ತಿ ಸುತ್ತಿ ಕೊನೆಗೆ 'ಕನೆಕ್ಟೆಡ್' ಎಂದು ಬಂತು. ಮಾನಿಟರು ಕಪ್ಪಗೇ ಇತ್ತು.

"ಕನೆಕ್ಟ್ ಆಗೇತ್ರಿ. ನಿಮ್ಮ ಮಾನಿಟರ್ ಸತ್ತೈತಿ" ಎಂದು ಡಾಕ್ಟರರಂತೆ ಹೇಳಿ, ಯಾರದೋ ಬಿರಿಯಾನಿ ಆರಿಹೋಗುತ್ತದೆಂದು ಅವನು ಓಡಿದ.

ಸುಬ್ರಮಣಿಗೆ ಕರಡಿನ ಮೇಲೆ ಮನಸ್ಸು ನಿಲ್ಲಲಿಲ್ಲ. ಬಾಡಿಗೆ ಮನೆಗಳ ಜಾಹೀರಾತು ತೆರೆದ. ಇದು ಗಂಡ ಹೆಂಡಿರ ಗುಟ್ಟಿನ ಹುಡುಕಾಟ. ಮಹಡಿಯಲ್ಲಿದ್ದ ಮನೆ ಮಾಲಕಿ ಅಂಜನಮ್ಮ ಕೆಟ್ಟವರೇನಲ್ಲ. ಆದರೆ ಕುಕ್ಕರು ಕೂಗಿದರೆ ಬೇಳೆ ಕರಗಿಹೋಯಿತು ಎಂದು ಮೆಟ್ಟಿಲಿನಿಂದಲೇ ಎಚ್ಚರಿಸುವರು. ಒಣಹಾಕಿದ ಬಟ್ಟೆ ತಿರುವಿ ಹಾಕುವರು. ಬಂದ ನೆಂಟರನ್ನು ಗೇಟಿನಲ್ಲೇ ತಡೆದು ಅವರ ಮುತ್ತಜ್ಜನ ಊರು ಕೇಳುವರು. ಹಾಗೆಂದು, ಜ್ವರ ಬಂದಾಗ ಗಂಜಿ ತಂದುಕೊಟ್ಟವರ ಮುಖ ನೋಡಿಕೊಂಡು "ಹೋಗ್ತೀವಿ" ಎನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಭಾನುವಾರ ಅನ್ನಪೂರ್ಣೇಶ್ವರಿ ನಗರದಲ್ಲಿ ಬ್ರೋಕರು ತೋರಿಸಿದ್ದ ಹಸಿರು ಗೇಟಿನ ಮನೆ ಇನ್ನೂ ಖಾಲಿಯಿತ್ತು. ಸುಬ್ರಮಣಿ ಕಂಪ್ಯೂಟರಿನಲ್ಲೇ ವಾಟ್ಸಾಪ್ ತೆರೆದು ರಂಜಿನಿಗೆ ಬರೆದ: "ಆ ಮನೆ ಇನ್ನೂ ಇದೆ. ನಮ್ಮನೆ ಖಾಲಿ ಮಾಡೇಬಿಡೋಣ. ಈ ಅಂಜನಮ್ಮನ ಸಿಐಡಿ ಕಾಟ ಇನ್ನು ತಡ್ಕೊಳೋಕಾಗಲ್ಲ."

ಕಳಿಸಿ ಬೆನ್ನು ಒರಗಿಸಿದಾಗ, ಮಹಡಿಯಲ್ಲಿ ಬೆಳಗಿನಿಂದ ಅಳುತ್ತಿದ್ದ ಧಾರಾವಾಹಿ ಯಾವಾಗಲೋ ನಿಂತಿದ್ದು ಗಮನಕ್ಕೆ ಬಂತು. ಅಷ್ಟರಲ್ಲಿ ಮೆಟ್ಟಿಲಿನಿಂದ ಅಂಜನಮ್ಮನ ದನಿ ಕೇಳಿಸಿತು.

"ಸುಬ್ರಮಣಿ, ಸ್ವಲ್ಪ ಮೇಲ್ ಬಾಪ್ಪ. ನಿನ್ ಕಂಪ್ಯೂಟರು ನಮ್ ಟಿವಿಲಿ ಬರ್ತಾ ಇದೆ."

ಅವನು ಹೇಗೆ ಮೆಟ್ಟಿಲು ಹತ್ತಿದನೋ ಅವನಿಗೇ ಗೊತ್ತಿಲ್ಲ. ಗೋಡೆಯಗಲದ ಹೊಸ ಟಿವಿಯಲ್ಲಿ ಅವನು ಬರೆದದ್ದೇ ನಿಂತಿತ್ತು, ಒಂದೊಂದು ಅಕ್ಷರವೂ ತಟ್ಟೆ ಇಡ್ಲಿಯಷ್ಟು. ದುಂಡೇಶ ಗಾಳಿಯಲ್ಲಿ ಹಿಡಿದದ್ದು ಈ ಟಿವಿಯನ್ನೇ. ಅದು ಇಂಗ್ಲಿಷಿನಲ್ಲಿ ಏನೋ ಕೇಳಿತಂತೆ. ಅಂಜನಮ್ಮ ಎಂದಿನಂತೆ ಓಕೆ ಒತ್ತಿದ್ದರು. ಪಕ್ಕದಲ್ಲಿ ಎದುರು ಮನೆಯ ಯಶೋದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು.

"ನನ್ ಕನ್ನಡಕ ರಿಪೇರಿಗೆ ಹೋಗಿದೆ. ಯಶೋದಮ್ಮನೇ ಓದಿ ಹೇಳಿದ್ರು" ಎಂದರು ಅಂಜನಮ್ಮ. "ನೀವು ಮನೆ ಖಾಲಿ ಮಾಡ್ತೀರಂತೆ?"

ಸುಬ್ರಮಣಿ ಯಶೋದಮ್ಮನ ಕಡೆ ನೋಡಿದ. ಆಕೆ ಸಣ್ಣಗೆ ತಲೆ ಅಲ್ಲಾಡಿಸಿದರು. ಸಿಐಡಿ ಮಾತನ್ನು ಆ ಪುಣ್ಯಾತ್ಗಿತ್ತಿ ಓದದೆ ನುಂಗಿಕೊಂಡಿದ್ದರು.

"ಹೂಂ ಆಂಟಿ" ಎಂದ. ದನಿ ಬಾವಿಯೊಳಗಿಂದ ಬಂದಂತಿತ್ತು.

ಅಂಜನಮ್ಮ ದೊಡ್ಡದೊಂದು ಉಸಿರು ಬಿಟ್ಟರು. ಈ ಮನೆ ಕೆಡವಿ ಹೊಸದು ಕಟ್ಟಬೇಕೆಂದು ಮಕ್ಕಳು ಹಟ ಹಿಡಿದಿದ್ದರಂತೆ. ಮನೆಮಕ್ಕಳಂಥವರನ್ನು ಹೋಗಿ ಎನ್ನುವುದು ಹೇಗೆಂದು ಆಕೆಗೆ ನಿದ್ದೆಯೇ ಹತ್ತುತ್ತಿರಲಿಲ್ಲವಂತೆ. ಹೇಳುತ್ತಾ ಕಣ್ಣು ಒರೆಸಿಕೊಂಡರು. ಆಮೇಲೆ, ಧಾರಾವಾಹಿ ಮುಗಿಯುವ ಮೊದಲು ಟಿವಿಯಿಂದ ಅವನ ಕಂಪ್ಯೂಟರು ತೆಗೆಯಲು ಹೇಳಿದರು.

ಸುಬ್ರಮಣಿ ಗಾಳಿಪಟದಂತೆ ಕೆಳಗಿಳಿದ. ಕಂಪ್ಯೂಟರನ್ನು ಟಿವಿಯಿಂದ ಬಿಡಿಸಿ ರಂಜಿನಿಗೆ ಫೋನು ಮಾಡಿದ. ಬೇರೆಯವರು ಹಾರಿಸಿಕೊಂಡು ಹೋಗುವ ಮೊದಲು ಅಡ್ವಾನ್ಸ್ ಕೊಟ್ಟುಬಿಡಿ ಎಂದಳು ಅವಳು. ಆ ಮನೆಯ ಜಾಹೀರಾತನ್ನು ಮತ್ತೆ ತೆರೆದಿಟ್ಟುಕೊಂಡು, ಆ ಕ್ಷಣವೇ ಬ್ರೋಕರಿಗೆ ಹಣ ಕಳಿಸಿದ. ಉಳುಕಿದ ಕತ್ತು ಕೂಡ ಸಡಿಲವಾದಂತೆ ಅನಿಸಿತು.

ಧಾರಾವಾಹಿ ಮುಗಿಸಿಕೊಂಡು ಅಂಜನಮ್ಮ ಕೋಡುಬಳೆ ಹಿಡಿದು ಬಂದರು. ಯಾವ ಕಡೆ ಹೋಗುತ್ತೀರೆಂದು ಕೇಳುವುದನ್ನೇ ಮರೆತಿದ್ದರಂತೆ. ಕೇಳುತ್ತಲೇ ಅವರ ಕಣ್ಣು ಮಾನಿಟರಿನ ಧೂಳಿನ ಮೇಲೆ ಬಿತ್ತು. ಸುಬ್ರಮಣಿ ಬೇಡ ಎನ್ನುವಷ್ಟರಲ್ಲಿ ಸೆರಗಿನ ತುದಿಯಿಂದ ಅಂಚನ್ನೆಲ್ಲ ಒತ್ತಿ ಒರೆಸಿದರು. ಅಡಿಯಲ್ಲಿದ್ದ ಯಾವುದೋ ಗುಂಡಿ ಟಕ್ ಎಂದಿತು. ಸತ್ತಿದ್ದ ಮಾನಿಟರು ಝಗ್ಗನೆ ಎದ್ದು, ಹಸಿರು ಗೇಟಿನ ಮನೆಯನ್ನು ತೋರಿಸಿತು.

"ಇದೇ ಮನೆ ಆಂಟಿ. ಅಡ್ವಾನ್ಸ್ ಕೊಟ್ಟಾಯ್ತು" ಎಂದ ಹೆಮ್ಮೆಯಿಂದ.

ಅಂಜನಮ್ಮ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಮುಖ ಅರಳಿತು.

"ಇದು ನನ್ ತಮ್ಮ ಮರೆಪ್ಪಂದು ಕಣಪ್ಪ. ಇಲ್ಲಿ ಕಟ್ಟಿ ಮುಗಿಯೋವರ್ಗೂ ಅದರ ಮೇಲ್ಗಡೆ ಮನೇಲಿ ನಾನೇ ಇರ್ತೀನಿ." ಒಂದು ಕೋಡುಬಳೆ ಮುರಿದು ಅವನ ಕೈಗಿಟ್ಟರು. "ಕೆಳಗಡೆ ಎಂಥೋರು ಬರ್ತಾರೋ ಅನ್ನೋದೊಂದೇ ಚಿಂತೆ ಇತ್ತು. ಈಗ ನೆಮ್ಮದಿ ಆಯ್ತು ನೋಡು."