ಹೆಂಡತಿಯ ವಾರ್ಡಿನಲ್ಲಿ

ರೋಗಿಯಾಗಿ ಮಲಗುವುದಕ್ಕೂ ಒಂದು ಯೋಗ್ಯತೆ ಬೇಕು. ನನಗೆ ಅದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೆಗಡಿ ಬಂದರೂ ಮನೆಮಂದಿಯೆಲ್ಲ ಸುತ್ತ ಕೂತು ನನ್ನ ಮೂಗನ್ನೇ ನೋಡುತ್ತಿರಬೇಕು ಎನ್ನುವ ಸ್ವಭಾವ ನನ್ನದು. ಸಾಲದ್ದಕ್ಕೆ ಕಟ್ಟಿಕೊಂಡಾಕೆ ನರ್ಸು. ನಾನು ನಂಜನಗೂಡಿನಲ್ಲಿ ಹೈಸ್ಕೂಲು ಮೇಷ್ಟ್ರು. ನನ್ನ ಹೆಂಡತಿ ಜಯಮ್ಮ ದಿನಾ ಬೆಳಿಗ್ಗೆ ಅಡುಗೆ ಮುಗಿಸಿ, ಬಸ್ಸು ಹಿಡಿದು, ತಿ. ನರಸೀಪುರದ ಆಸ್ಪತ್ರೆಯೊಂದಕ್ಕೆ ಡ್ಯೂಟಿಗೆ ಹೋಗುತ್ತಿದ್ದಳು. ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಹರ್ನಿಯಾ ಆಪರೇಷನ್ ಆಗಬೇಕೆಂದಾಗ, "ನಿನ್ನ ವಾರ್ಡಿನಲ್ಲೇ ಆಗಲಿ" ಎಂದು ಹಟ ಹಿಡಿದೆ. ರಾಜೋಪಚಾರದ ಆಸೆ, ಇನ್ನೇನು?

ಅಡ್ಮಿಟ್ ಆದ ದಿನವೇ ಅವಳು ಕಿವಿಯ ಬಳಿ ಬಗ್ಗಿ, "ನೋಡಿ, ನಾನು ನಿಮ್ಮ ಹೆಂಡ್ತಿ ಅಂತ ಪೇಷೆಂಟುಗಳ ಹತ್ರ ಹೇಳ್ಬೇಡಿ. ನಿಮಗೊಂದು, ಅವರಿಗೊಂದು ಅಂತ ಅನ್ನಿಸಬಾರದು" ಎಂದಳು. ಆಪರೇಷನ್ ಸುಸೂತ್ರವಾಗಿ ಆಯಿತು. ಎರಡು ದಿನ ಕಳೆದ ಮೇಲೆ ದಿಂಬು ಸರಿಮಾಡಲು ಕರೆದರೆ, "ಕೈ ಚೆನ್ನಾಗಿದೆಯಲ್ಲ, ನೀವೇ ಮಾಡ್ಕೊಳ್ಳಿ" ಎಂದು ಪಕ್ಕದ ಮಂಚದ ಬಳಿಗೆ ಹೋದಳು. ಅಲ್ಲಿ ಬಲಗೈ ಮುರಿದುಕೊಂಡ ತಲಕಾಡಿನ ಪುಟ್ಟಮಾದಪ್ಪನೆಂಬ ಮುದುಕನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿದಳು. ಹೊಲಿಗೆ ಹಾಕಿದ ಜಾಗಕ್ಕಿಂತ ನನ್ನ ಹೊಟ್ಟೆಯೇ ಹೆಚ್ಚು ಉರಿಯಿತು.

ಅವಳು ಅತ್ತ ಹೋದ ಮೇಲೆ ಪುಟ್ಟಮಾದಪ್ಪ ನನ್ನ ಕಡೆ ತಿರುಗಿದ. "ತಾಯಿಯಂಗೆ ನೋಡ್ಕತಾರೆ ಕಣ್ ಸಾ. ಪಾಪ, ಆ ಯಮ್ಮಂಗೆ ಮನೇಲಿ ಸುಖ ಇಲ್ಲ. ಯಜಮಾನ್ರು ಮೇಷ್ಟ್ರಂತೆ, ಕುಡ್ದ ಲೋಟಾನೂ ಎತ್ತಿಡಾಕಿಲ್ವಂತೆ. ಎಲ್ಡೂ ಕಡೆ ಗೇಯಕ್ಕಾಗಲ್ಲ, ಈ ಕೆಲ್ಸಾನೇ ಬುಟ್ಬುಡ್ತೀನಿ ಅಂತಾವ್ರೆ." ಆಮೇಲೆ ಸಹಜವಾಗಿ ಕೇಳಿದ: "ತಾವ್ ಏನ್ ಕೆಲ್ಸ ಮಾಡೀರಿ ಸಾ?"

"ಪೋಸ್ಟಾಫೀಸು" ಎಂದೆ.

ಹದಿನಾರು ವರ್ಷ ಸಂಸಾರ ಮಾಡಿದವಳು ಕೆಲಸ ಬಿಡುವ ಯೋಚನೆಯಲ್ಲಿದ್ದಾಳೆಂಬ ಸುದ್ದಿ ನನಗೆ ತಲಕಾಡಿನ ಮಾರ್ಗವಾಗಿ ತಲುಪಿತ್ತು. ಗೋಡೆ ಕಡೆ ತಿರುಗಿ ಮಲಗಿದೆ. ಅವತ್ತು ಯಾರನ್ನೂ ಕರೆಯಲಿಲ್ಲ.

ಮರುದಿನ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಪ್ರಶ್ನೆಗಳ ಕಾಗದ ಹಿಡಿದು ಬಂದಳು. ನನ್ನ ಮಂಚದೆದುರಿನ ಮೇಜಿನ ಬಳಿ ನಿಂತು ಜಯಮ್ಮನನ್ನು, "ಕೆಲಸದಲ್ಲಿ ತೃಪ್ತಿ ಇದೆಯಾ ಸಿಸ್ಟರ್?" ಎಂದು ಕೇಳಿದಳು.

"ಇದೆಯಮ್ಮ. ಇಲ್ಲಿಗೆ ಬಂದೋರು ಗುಣವಾಗಿ ಎದ್ದು ಹೋಗ್ತಾರೆ. ಮನೇಲಿರೋ ಪೇಷೆಂಟು ಡಿಸ್ಚಾರ್ಜೇ ಆಗಲ್ಲ." ಹುಡುಗಿ ನಕ್ಕಳು. ಜಯಮ್ಮ ನಗಲಿಲ್ಲ. "ಆದ್ರೆ ಎರಡರಲ್ಲಿ ಒಂದು ಬಿಡೋದಾದ್ರೆ ಇದನ್ನೇ ತಾನೆ ಬಿಡೋಕಾಗೋದು?" ಎಂದಳು.

ಹುಡುಗಿ ನನ್ನ ಮಂಚದ ಬಳಿಗೂ ಬಂದಳು. ನರ್ಸುಗಳ ಆರೈಕೆ ಹೇಗಿದೆ ಎಂಬಲ್ಲಿ 'ಪೂರ್ಣ ತೃಪ್ತಿ' ಎಂದು ಗುರುತು ಹಾಕಿದೆ. ನಿಮ್ಮ ಸಲಹೆ ಏನು ಎಂಬ ಜಾಗದಲ್ಲಿ ಮಾತ್ರ, ಮಕ್ಕಳಿಗೆ ಪ್ರಬಂಧ ಬರೆಯಲು ಕಲಿಸುವ ನನಗೆ, ಒಂದು ಸಾಲೂ ಹೊಳೆಯಲಿಲ್ಲ.

ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಬೆಳಗಿನ ಕಾಫಿ, ಉಪ್ಪಿಟ್ಟು ನನ್ನದೆಂದು ಘೋಷಿಸಿದೆ. ಮೊದಲ ದಿನ ರವೆ ಸೀದಿತು. ಎರಡನೆಯ ದಿನ ಗಂಟುಕಟ್ಟಿತು. ಜಯಮ್ಮ ಅದನ್ನೇ ತಿಂದು ಬಸ್ಸಿಗೆ ಓಡಿದಳು. ವಾರ ಕಳೆಯಿತು, ಉಪ್ಪಿಟ್ಟು ಉಪ್ಪಿಟ್ಟಿನಂತೆಯೇ ಆಗತೊಡಗಿತು. ಕೆಲಸ ಬಿಡುವ ಮಾತು ಅವಳ ಬಾಯಲ್ಲಿ ಬರಲಿಲ್ಲ. ಬಿಡುವ ಯೋಚನೆ ಬಂದದ್ದು ನನಗೆ. ಭಾನುವಾರ ಬೆಳಿಗ್ಗೆ ಮುಸುಕು ಸರಿಸಿ, "ಜಯಾ, ಈ ಡ್ಯೂಟಿಗೆ ವಾರದ ರಜೆ ಇಲ್ವೇನೆ?" ಎಂದೆ.

ಅವಳು ತನ್ನ ಹೊದಿಕೆ ಮಡಿಸಿಟ್ಟಳು. "ಇಲ್ಲ ಕಣ್ರೀ" ಎಂದಳು, ಮೆತ್ತಗೆ. "ಸೇರುವಾಗ ನಂಗೂ ಯಾರೂ ಹೇಳಿರ್ಲಿಲ್ಲ."

ಎದ್ದು ಒಲೆ ಹಚ್ಚಿದೆ.