ಸೋರುವ ಮೂಲೆ ಸಮೇತ ಮಾರಾಟಕ್ಕಿದೆ

ಮಾರಾಟದ ವಿದ್ಯೆಯಲ್ಲಿ ನಮ್ಮ ಮಾವನವರನ್ನು ಮೀರಿಸುವವರು ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಅವರು ಬಾಯಿ ತೆರೆದರೆ ಸಾಕು, ಮುಂಗಡ ಹಿಡಿದು ಬಂದವನು ಕೂಡ ಅದನ್ನು ಮತ್ತೆ ಜೇಬಿಗಿಳಿಸಿ, "ಮನ್ಯಾಗ ಒಂದು ಮಾತು ಕೇಳಿ ಬರ್ತೀನ್ರಿ" ಎಂದು ಹೊರಟುಬಿಡುತ್ತಾನೆ. ಕೊಳ್ಳಲು ಬಂದವರ ಮನೆಗಳು ಯಾವ ಲೋಕದಲ್ಲಿವೆಯೋ, ಕೇಳಿ ಬರಲು ಹೋದವರು ಯಾರೂ ತಿರುಗಿ ಬಂದಿಲ್ಲ!

ಇಂಥವರ ಕಟ್ಟಡವನ್ನು ಮಾರಿಸಿಕೊಡುವ ಹೊಣೆ ಹೊತ್ತವನು ನಾನು. ನಾನಾದರೂ ಎಂಥವನು? ಹಗರಿಬೊಮ್ಮನಹಳ್ಳಿಯ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವನು. ಬೇಡಿಕೆ, ಪೂರೈಕೆಯ ರೇಖೆಗಳನ್ನು ಕಣ್ಣು ಮುಚ್ಚಿಕೊಂಡು ಬಿಡಿಸುತ್ತೇನೆ. ಸಂತೆಯಲ್ಲಿ ಟೊಮೆಟೊ ಕೊಳ್ಳುವಾಗ ಮಾತ್ರ ಕಣ್ಣು ಬಿಟ್ಟುಕೊಂಡೇ ಮೋಸ ಹೋಗುತ್ತೇನೆ. ಹೆಂಡತಿ ನನ್ನ ಕೈಗೆ ಸಂತೆಚೀಲ ಕೊಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಆದರೆ ಕಟ್ಟಡವೆಂದರೆ ಟೊಮೆಟೊವೇ? ಅದಕ್ಕೆ ಓದಿದವರೇ ಬೇಕಲ್ಲವೇ?

ಮಾವ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ನಿವೃತ್ತರಾದ ಮೇಲೂ ಕೊರಳಿನ ಸೀಟಿಗೆ ನಿವೃತ್ತಿ ಕೊಟ್ಟಿರಲಿಲ್ಲ. ಕಾನಹೊಸಹಳ್ಳಿಯಲ್ಲಿ ಹೆದ್ದಾರಿಯ ಮಗ್ಗುಲಿಗೆ ಮೂರು ಮಳಿಗೆಗಳ ಒಂದು ಪುಟ್ಟ ಕಟ್ಟಡ ಕಟ್ಟಿಸಿದ್ದರು. ಒಂದರಲ್ಲಿ ಬೇಕರಿ, ನಡುವೆ ಮೊಬೈಲ್ ರಿಪೇರಿ, ಕೊನೆಗೆ ಬೀಜ-ಗೊಬ್ಬರದ ಅಂಗಡಿ. ಮೂವರಿಗೂ ಇನ್ನೂ ಕೆಲವು ವರ್ಷಗಳ ಬಾಡಿಗೆ ಕರಾರಿತ್ತು. ಕಳೆದ ಯುಗಾದಿಯ ಮರುದಿನ ಮಾವ ಇದ್ದಕ್ಕಿದ್ದಂತೆ, "ಕಟ್ಟಡ ಮಾರತೀನಿ" ಎಂದರು. ಯಾಕೆ ಎಂದರೆ, "ಮಾರಬೇಕು ಅನಿಸೈತಿ" ಎಂದರು. ಅಲ್ಲಿಗೆ ಮುಗಿಯಿತು. ಡ್ರಿಲ್ ಮಾಸ್ತರನ್ನು 'ಎಡಕ್ಕೆ ಯಾಕೆ ತಿರುಗಬೇಕು' ಎಂದು ಯಾರಾದರೂ ಕೇಳುತ್ತಾರೆಯೇ?

ನಾನು ಟೊಂಕ ಕಟ್ಟಿ ನಿಂತೆ. ರಾತ್ರಿಯಿಡೀ ಮೊಬೈಲಿನಲ್ಲಿ ರಿಯಲ್ ಎಸ್ಟೇಟ್ ಪಂಡಿತರ ಭಾಷಣ ಕೇಳಿ, ಬೆಳಿಗ್ಗೆ ಮಾವನಿಗೆ ಪಾಠ ಶುರು ಮಾಡಿದೆ.

"ಮಾವಾರ, ಇದನ್ನ ಬರೇ ಕಟ್ಟಡ ಅನಬ್ಯಾಡ್ರಿ. ಇನ್ವೆಸ್ಟ್‌ಮೆಂಟ್ ಪ್ರಾಪರ್ಟಿ ಅನ್ರಿ. ಬಾಡಿಗಿದಾರರು ಅದಾರ, ಕರಾರು ಐತಿ. ತಗೊಂಡೋರಿಗೆ ಕುಂತಲ್ಲೇ ಆದಾಯ ಬರತೈತಿ."

"ಕುಂತಲ್ಲೇ ಮೂಲವ್ಯಾಧಿ ಬರತೈತಿ" ಎಂದರು ಮಾವ. "ಆದಾಯ ಬರಬೇಕಂದ್ರ ತಿಂಗಳಾ ತಿಂಗಳಾ ನಡಕೊಂಡು ಹೋಗಿ ಇಸಕೊಂಡು ಬರಬೇಕು."

ಆ ಸಾಲನ್ನು ಬಿಟ್ಟು ಉಳಿದದ್ದನ್ನೆಲ್ಲ ಜಾಹೀರಾತಿಗೆ ಬರೆದು ವಾಟ್ಸಾಪಿನಲ್ಲಿ ಬಿಟ್ಟೆ. ಜೊತೆಗೊಂದು ಫೋಟೋ. ತೆಗೆಯುವಾಗ ಪಕ್ಕಕ್ಕೆ ಸರಿಯಿರಿ ಎಂದರೆ ಮಾವ, "ನನ್ನ ಕಟ್ಟಡ, ನಾ ಯಾಕ ಸರೀಲಿ?" ಎಂದು ನಟ್ಟನಡುವೆ, ಎದೆಯುಬ್ಬಿಸಿ, ಸೀಟಿ ಸಮೇತ ಅಟೆನ್ಷನ್ನಿನಲ್ಲಿ ನಿಂತರು. ಮೊದಲ ಕರೆ ಕೊಟ್ಟೂರಿನಿಂದ ಬಂತು.

"ಸರ್, ಫೋಟೋದಾಗಿನ ಹಿರೇರು ಕಟ್ಟಡದ ಜತೀಗೇ ಬರ್ತಾರೇನ್ರಿ?"

ಇಲ್ಲ ಎಂದೆ. "ಹಂಗಾರ ನೋಡಬಹುದು ಬಿಡ್ರಿ" ಎಂದವನು ನೋಡಲು ಬರಲೇ ಇಲ್ಲ.

ನಿಜವಾಗಿ ಬಂದ ಮೊದಲನೆಯವರು ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ. ಗೋಡೆ ಬಡಿದು ನೋಡಿದರು, ಶಟರ್ ಎತ್ತಿ ಇಳಿಸಿದರು, ಹೆದ್ದಾರಿಯತ್ತ ನೋಡಿ ತಲೆದೂಗಿದರು. ನನಗೆ ಒಳಗೊಳಗೇ ಹೋಳಿಗೆ ತಿಂದಂತಾಯಿತು. ಅಷ್ಟರಲ್ಲಿ ಮಾವ ಅವರ ತೋಳು ಹಿಡಿದು ಗೊಬ್ಬರದಂಗಡಿಯ ಒಳಗೆ ಕರೆದೊಯ್ದರು.

"ಮಳಿಗಾಲದಾಗ ಈ ಮೂಲಿ ಸೋರತೈತಿ ನೋಡ್ರಿ."

ನಾನು ಮೆಲ್ಲಗೆ ಅವರ ಕಾಲು ತುಳಿದೆ.

"ಅಳಿಯಂದ್ರ, ಯಾಕ ಕಾಲು ತುಳೀತೀರಿ? ಇಲ್ಲಿ ಅಲ್ಲೇನು ಸೋರೋದು? ಆ ಮೂಲಿ ಅಂತೀರೇನು? ಹೌದು ಬಿಡ್ರಿ, ಅದೂ ಸೋರತೈತಿ!"

ವ್ಯಾಪಾರಿ ನನ್ನ ಕಾಲನ್ನೂ ಮಾವನ ಕಾಲನ್ನೂ ನೋಡಿದರು. "ಮನ್ಯಾಗ ಒಂದು ಮಾತು ಕೇಳಿ ಬರ್ತೀನಿ" ಎಂದರು. ನನ್ನ ಒಂದು ಕಾಲಿನಿಂದ ಕಟ್ಟಡಕ್ಕೆ ಎರಡನೆಯ ಸೋರುವ ಮೂಲೆ ಸೇರಿಕೊಂಡಿತು!

ಎರಡನೆಯವರು ಒಬ್ಬ ಗುತ್ತಿಗೆದಾರರು. ಕಾರಿನಿಂದ ಇಳಿಯುವಾಗಲೇ ಅವರ ಕಣ್ಣು ಬೇಕರಿಯ ಮೇಲೆ ಬಿದ್ದಿತ್ತು. ಬೇಕರಿ ನಡೆಸುವಾಕೆ ಗಂಡ ತೀರಿಕೊಂಡ ಮೇಲೆ ತಾನೇ ಒಲೆಯ ಮುಂದೆ ನಿಂತು ಆ ಅಂಗಡಿಯನ್ನು ಎತ್ತಿ ನಿಲ್ಲಿಸಿದವಳು. ಮಾರಾಟದ ಸುದ್ದಿ ಕಿವಿಗೆ ಬಿದ್ದಾಗಿನಿಂದ ಆಕೆಗೆ ನಾನು ವೈರಿ. ಮಾವನಿಗೆ ಕೆನೆಚಹಾ, ನನಗೆ ಸಕ್ಕರೆಯಿಲ್ಲದ್ದು. "ಸಕ್ರಿ ಯಾಕಿಲ್ಲವ್ವಾ?" ಎಂದು ಕೇಳಿದರೆ, "ನೀವು ನಮ್ಮನ್ನ ಮಾರಾಕ ಹೊಂಟೀರಿ, ಸಿಹಿ ಬ್ಯಾರೆ ಬೇಕೇನ್ರಿ?" ಎಂದಿದ್ದಳು. ಅರ್ಥಶಾಸ್ತ್ರವನ್ನು ಪಕ್ಕಕ್ಕಿಟ್ಟು ಚಹಾ ಕುಡಿದೆ.

ಗುತ್ತಿಗೆದಾರರು ನನ್ನನ್ನು ಪಕ್ಕಕ್ಕೆ ಕರೆದು, "ಈ ಬೇಕರಿ ಓಡಿಸಿಬಿಟ್ರ ಹೆಚ್ಚಿನ ಬಾಡಿಗಿ ಕೊಡೋ ದೊಡ್ಡ ಪಾರ್ಟಿ ತರಬಹುದು. ಕರಾರು ಇದ್ರೇನಾತು? ನೀರು, ಕರೆಂಟು ಒಂದಿಷ್ಟು ತ್ರಾಸು ಕೊಟ್ರ ತಾವಾಗೇ ಹೋಗ್ತಾರ" ಎಂದರು. ನಾಚಿಕೆಯ ಮಾತೆಂದರೆ, ನಾನು ತಲೆದೂಗುತ್ತಲೇ ಇದ್ದೆ! ಕೊಳ್ಳುವವನೊಬ್ಬ ಸಿಕ್ಕನಲ್ಲ ಎಂಬ ಖುಷಿಗೆ ಕತ್ತು ತನ್ನಷ್ಟಕ್ಕೆ ಆಡುತ್ತಿತ್ತು.

ಹಿಂದಿನಿಂದ ಸೀಟಿ ಕೇಳಿಸಿತು. ಎಂಥ ಸೀಟಿ! ಹೆದ್ದಾರಿಯಲ್ಲಿ ಹೋಗುತ್ತಿದ್ದ ಲಾರಿಯೊಂದು ಬ್ರೇಕು ಹಾಕಿತು. ನನ್ನ ಕತ್ತು ನಿಂತಿತು.

"ಓಡಿಸೋ ವಿಚಾರ ನನಗ ಬಿಡ್ರಿ" ಎಂದರು ಮಾವ, ಸೀಟಿಯನ್ನು ಬಾಯಿಂದ ತೆಗೆದು. "ಜೀವಮಾನ ಎಲ್ಲಾ ಓಡಿಸೀನಿ. ಮೊದಲು ನೀವು ಕಾರಿನ ತನಕಾ ಓಡ್ರಿ, ನೋಡೂಣು."

ಅವರು ಓಡಲಿಲ್ಲ, ಆದರೆ ನಡಿಗೆಯಲ್ಲಿ ಶಿಸ್ತು ಕಾಣಿಸಿತು. ಅಂದು ಬೇಕರಿಯಾಕೆ ಮಾವನಿಗೆ ಖಾರಾ ಬನ್ ತಂದುಕೊಟ್ಟಳು. ನನಗೂ ಒಂದು ಕೊಟ್ಟಳು, ನಿನ್ನೆಯದು.

ಇನ್ನು ಉಪಾಯವಿಲ್ಲವೆಂದು ಮಾವನಿಗೆ ಕೈಮುಗಿದೆ. "ಮುಂದಿನ ಸಲ ನೀವು ಮಾತಾಡಬ್ಯಾಡ್ರಿ. ಬರೇ 'ಹೂಂ' ಅನ್ರಿ. ಉಳಿದದ್ದು ನನಗಿರಲಿ." ಅಚ್ಚರಿಯೆಂದರೆ, ಅವರು ಒಪ್ಪಿದರು.

ಮೂರನೆಯವರು ಮಾಗಳದ ಕಡೆಯ ಒಬ್ಬ ನರ್ಸಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಪಿಂಚಣಿಯ ಜೊತೆಗೆ ಬಾಡಿಗೆಯೂ ಬರುವಂಥದ್ದೊಂದು ಆಸ್ತಿ ಹುಡುಕುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಹೂಡಿಕೆ, ಆದಾಯ, ಭವಿಷ್ಯ ಎಂದು ಹತ್ತು ಮಾತಾಡಿದೆ. ಅವರು ನಾಡಿ ಹಿಡಿಯುವವರಂತೆ ನನ್ನನ್ನೇ ನೋಡುತ್ತ ಕೇಳಿ, ಆಮೇಲೆ ಮಾವನತ್ತ ತಿರುಗಿದರು.

"ಸೋರತೈತೇನ್ರಿ, ಸರ್?"

"ಹೂಂ" ಎಂದರು ಮಾವ.

"ಒಂದೇ ಕಡಿಗೋ?"

ಮಾವ ನನ್ನತ್ತ ನೋಡಿದರು. ಇದಕ್ಕೆ 'ಹೂಂ' ಸಾಲುತ್ತಿರಲಿಲ್ಲ. ಕೊಟ್ಟ ಮಾತು ಮುರಿಯದೆ ಎರಡು ಬೆರಳು ಎತ್ತಿ ತೋರಿಸಿದರು.

"ಮೊಬೈಲ್ ಅಂಗಡ್ಯಾಂವ ಬಾಡಿಗಿ ತಡಾ ಮಾಡ್ತಾನೇನ್ರಿ?"

"ಹೂಂ."

"ಕೊಡದ ಬಿಟ್ಟಾನೇನು?"

ಮಾವ ಜೋರಾಗಿ ತಲೆಯಾಡಿಸಿದರು. ಇಲ್ಲವೇ ಇಲ್ಲ!

ನಾನು ಗೋಡೆಗೊರಗಿ ಕಣ್ಣು ಮುಚ್ಚಿಕೊಂಡೆ. 'ಮನ್ಯಾಗ ಒಂದು ಮಾತು' ಎಂಬುದಕ್ಕೆ ಕಾಯುತ್ತಿದ್ದೆ. ಆದರೆ ನರ್ಸಮ್ಮ, "ನನಗ ಈ ಕಟ್ಟಡ ಬೇಕ್ರಿ" ಎಂದರು. "ಎಲ್ಲಾ ಛಲೋ ಐತಿ ಅಂದೋರ ಮೂರು ಕಟ್ಟಡ ನೋಡಿ ಬಂದೀನಿ, ಯಾವುದರ ಮ್ಯಾಲೂ ನಂಬಿಕಿ ಬರಲಿಲ್ಲ. ಜಡ್ಡು ಯಾವುದು ಅಂತ ಗೊತ್ತಾದ್ರ ಔಷಧ ಹಾಕಬಹುದು."

"ಬಾಡಿಗಿದಾರರು?" ಎಂದರು ಮಾವ, ಕೊನೆಗೂ ಮಾತು ಮುರಿದು.

"ಇರಲಿ ಬಿಡ್ರಿ. ಕುಂತೋರನ್ನ ಎಬ್ಬಿಸಿ ನಾನೇನು ಅಲ್ಲಿ ಬನ್ ಸುಡಲೇನು?"

ನನ್ನ ಹತ್ತು ಮಾತಿಗೆ ಆಗದ ವ್ಯಾಪಾರ ಮಾವನ ಎರಡು 'ಹೂಂ'ಗೆ ಆಯಿತು. ಮರುದಿನ ತರಗತಿಯಲ್ಲಿ ಮಾರುಕಟ್ಟೆಯ ಅಧ್ಯಾಯ ಮಾಡುವಾಗ ನನಗೇ ನಗು ಬಂತು.

ನೋಂದಣಿಗೆ ಕೂಡ್ಲಿಗಿಗೆ ಹೋದೆವು. ಹೆಣ್ಣುಮಕ್ಕಳಿಬ್ಬರ ಒಪ್ಪಿಗೆ ರುಜುವೂ ಬೇಕೆಂದು ನನ್ನ ಹೆಂಡತಿ, ಹಡಗಲಿಯಿಂದ ಅವಳ ತಂಗಿ, ಇಬ್ಬರೂ ಬಂದಿದ್ದರು. ಕೆಲಸ ಮುಗಿದ ಮೇಲೆ ಬಸ್ ನಿಲ್ದಾಣದ ಹತ್ತಿರ ಮಂಡಕ್ಕಿ, ಮಿರ್ಚಿ ತರಿಸಿದೆವು. ಅಕ್ಕತಂಗಿಯರು ಒಂದೇ ಕಾಗದದಲ್ಲಿ ಕೈಹಾಕಿ, ಕೊನೆಯ ಮಿರ್ಚಿಗೆ ಕಿತ್ತಾಡಿ, ಮುರಿದು, ದೊಡ್ಡ ತುಂಡು ಯಾರಿಗೆ ಹೋಯಿತೆಂದು ನಗುತ್ತಿದ್ದರು. ಮಾವ ತಿನ್ನುವುದನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರು.

"ಉಗಾದಿ ದಿನ ಊಟಕ್ಕ ಕುಂತಾಗ ಇಬ್ರೂ ಅಂದ್ರಿ, ಬೇಕರಿ ನನಗ, ಬೇಕರಿ ನನಗ ಅಂತ" ಎಂದರು.

"ಅಯ್ಯ, ಅಪ್ಪಾಜಿ! ನಗಚಾಟಿಗೆ ಅಂದಿದ್ವಲ್ಲ" ಎಂದಳು ನನ್ನ ಹೆಂಡತಿ.

"ಹೌದವ್ವ. ನಗತಾನೇ ಅಂದ್ರಿ. ನಾನೂ ನಮ್ಮಣ್ಣನೂ ಮನಿ ಪಾಲಿನ ಮಾತು ನಗತಾನೇ ಸುರು ಮಾಡಿದ್ವಿ."

ಕೊಟ್ಟೂರಿನಲ್ಲಿ ಮಾವನಿಗೊಬ್ಬ ಅಣ್ಣನಿದ್ದಾರೆಂದು ನನಗೆ ತಿಳಿದಿತ್ತು, ಅದೂ ಬೇರೆಯವರಿಂದ. ಅವರ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

"ಮೂರು ಅಂಗಡಿ, ನೀವಿಬ್ರು. ಹೆಂಗ ಹಂಚಿದ್ರೂ ನಡುವಿಂದೊಂದು ಉಳೀತೈತಿ. ನಮ್ಮಣ್ಣಗೂ ನನಗೂ ಹಂಚಲಾರದ ಉಳದದ್ದು ಬರೇ ಒಂದು ಗ್ವಾಡಿ, ಅದಕ್ಕ ಮಾತು ಬಿಟ್ವಿ" ಎಂದರು ಮಾವ. "ರೊಕ್ಕಾದ್ರ ಸಮಾ ಹಂಚಬಹುದು."

ಅವರು ಎದ್ದು ಅಂಗಡಿಯವನ ಹತ್ತಿರ ಹೋಗಿ ಇನ್ನೊಂದು ಪೊಟ್ಟಣ ಮಂಡಕ್ಕಿ ಕಟ್ಟಿಸಿದರು. "ಖಾರ ಹಾಕಬ್ಯಾಡಪ್ಪ, ಆಂವಗ ಆಗಂಗಿಲ್ಲ" ಎಂದದ್ದು ನಮಗೆ ಕೇಳಿಸಿತು. ಅಷ್ಟರಲ್ಲಿ ಕೊಟ್ಟೂರಿನ ಬಸ್ಸು ಬಂದು ನಿಂತಿತು. ಮಾವ ಅದರತ್ತ ನಡೆದರು.

"ಮಾವಾರ, ನಮ್ಮ ಬಸ್ಸು ಅದಲ್ರಿ!" ಎಂದು ಕೂಗುತ್ತ ಓಡಿದೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು! ಅವರು ಆಗಲೇ ಹತ್ತಿ ಕಿಟಕಿಯ ಪಕ್ಕ ಕುಳಿತಿದ್ದರು. ಪೊಟ್ಟಣವನ್ನು, ಮಂಡಕ್ಕಿ ಚೆಲ್ಲದಂತೆ, ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದಿದ್ದರು.

"ಎಲ್ಲಿಗ್ರಿ, ಯಜಮಾನ್ರ?" ಎಂದ ಕಂಡಕ್ಟರ್.

"ನಮ್ಮಣ್ಣನ ಮನಿಗೆ."

"ಯಾವೂರ್ರೀ?"

ಮಾವ ಪೊಟ್ಟಣದ ದಾರ ಬಿಗಿ ಮಾಡತೊಡಗಿದರು. ನಾನೇ ಕಿಟಕಿಯಿಂದ ಕೈ ತೂರಿಸಿ ಹಣ ಕೊಟ್ಟೆ. "ಕೊಟ್ಟೂರಿಗೆ ಒಂದು ಕೊಡ್ರಿ" ಎಂದೆ.